ರಂಪಣಿಗೆ ಪರಿಹಾರ ಬರೆದವರಿಲ್ಲ

ಹೈದರಾಬಾದಿಗೆ ಸಮುದ್ರವಿಲ್ಲ. ಆದರೆ ದೇಶದ ಮೀನುಗಾರಿಕೆಗೆ ಸರ್ಕಾರದ ದುಡ್ಡು ಹರಿಯುವ ಒಂದು ದೊಡ್ಡ ಬಾಗಿಲು ಇಲ್ಲೇ ಇದೆ. ಪಿ.ವಿ. ನರಸಿಂಹರಾವ್ ಮೇಲ್ಸೇತುವೆಯ ಪಕ್ಕದ ಮೀನಿನ ಆಕಾರದ ಕಟ್ಟಡವನ್ನು ನೀವೂ ನೋಡಿರುತ್ತೀರಿ. ಅದು 2006ರಲ್ಲಿ ಹುಟ್ಟಿದ ರಾಷ್ಟ್ರೀಯ ಮೀನುಗಾರಿಕಾ ಅಭಿವೃದ್ಧಿ ಮಂಡಳಿಯ ಕಚೇರಿ. ಸಿಕಂದರಾಬಾದಿನಿಂದ ವಿಮಾನ ನಿಲ್ದಾಣಕ್ಕೆ ಹೋಗುವಾಗೆಲ್ಲ ಆ ಹೆಸರಿನ ‘ಅಭಿವೃದ್ಧಿ’ಯ ಮೇಲೆ ನನ್ನ ಕಣ್ಣು ನಿಲ್ಲುತ್ತದೆ. ನಮ್ಮಲ್ಲಿ ಅಭಿವೃದ್ಧಿ ಎಂದರೆ ಬಹುಕಾಲ ದೋಣಿ ಹೆಚ್ಚಿಸುವುದೇ ಆಗಿತ್ತು. ದೋಣಿ ಕಡಿಮೆ ಮಾಡಲು ಸರ್ಕಾರವೇ ಹಣ ಕೊಡುವ ಪದ್ಧತಿ ಬೇರೆ ದೇಶಗಳಲ್ಲಿ ಹಳೆಯದು.

ಅದರ ಲೆಕ್ಕ ಸರಳ. ಈ ವರ್ಷ ಇಷ್ಟು ಟನ್ ಮೀನು ಹಿಡಿಯಬಹುದು ಎಂದು ವಿಜ್ಞಾನಿಗಳು ಹೇಳುತ್ತಾರೆ, ಸರ್ಕಾರ ಅದನ್ನು ಕೋಟಾ ಮಾಡಿ ಹಂಚುತ್ತದೆ. ದೋಣಿಗಳು ಜಾಸ್ತಿಯಾದರೆ ಯಾರ ಪಾಲೂ ಡೀಸೆಲ್ ಖರ್ಚಿಗೆ ಸಾಲದು. ಆಗ ಸರ್ಕಾರ ಕೆಲವು ದೋಣಿಗಳನ್ನು ಲೈಸೆನ್ಸ್ ಸಮೇತ ಕೊಂಡು ಒಡೆದುಹಾಕುತ್ತದೆ. (ನಮ್ಮ ಆಫೀಸುಗಳಲ್ಲೂ ಹಳೆಯ ಸರ್ವರ್ ಆರಿಸಿದರೆ ಸಾಲದು, ಲೈಸೆನ್ಸ್ ವಾಪಸ್ ಮಾಡದಿದ್ದರೆ ಬಿಲ್ ಬರುತ್ತಲೇ ಇರುತ್ತದೆ.)

ಇದರಲ್ಲಿ ನಾರ್ವೆಯ ಕಥೆ ನಮಗೆ ಹತ್ತಿರದ್ದು. 1952ರ ಒಪ್ಪಂದದಂತೆ ಕೇರಳದ ನೀಂಡಕರದಲ್ಲಿ ನಮಗೆ ಯಂತ್ರದ ದೋಣಿ ಕಲಿಸಲು ಬಂದವರು ನಾರ್ವೆಯವರು. ಅವರ ಮನೆಯಲ್ಲಿ ಆದದ್ದೇನು? ಪರ್ಸೀನ್ ಬಲೆಯನ್ನು ಯಂತ್ರದಿಂದ ಎಳೆಯಲು ಶುರುಮಾಡಿದ ಮೇಲೆ, 1960ರ ದಶಕದ ಕೊನೆಗೆ ಅಲ್ಲಿನ ಹೆರಿಂಗ್ ಮೀನು ಬರಿದಾಯಿತು. 1970ರ ದಶಕ ಮುಗಿಯುವ ಹೊತ್ತಿಗೆ ಪರ್ಸೀನ್ ಹಡಗು ಬಿಟ್ಟುಕೊಡುವವರಿಗೆ ನಾರ್ವೆ ಸರ್ಕಾರ ಹಣ ಕೊಡುತ್ತಿತ್ತು. ಅದೇ ದಶಕದ ನಡುವಿನಲ್ಲಿ ಕರಾವಳಿ ಕರ್ನಾಟಕಕ್ಕೆ ಪರ್ಸೀನ್ ಬೋಟು ಬಂತು, ಸಾಲದ ನೆರವಿನಿಂದ ಬೇಗ ಹೆಚ್ಚಿತು.

ಅದು ತಿಂದದ್ದು ರಂಪಣಿಯನ್ನು. ತುಂಡು ತುಂಡು ಬಲೆಗಳನ್ನು ಸೇರಿಸಿ, ದಡದಿಂದ ಅರ್ಧಚಂದ್ರಾಕಾರವಾಗಿ ಬೀಸಿ, ಎಂಬತ್ತು ನೂರು ಜನ ಕೂಡಿ ಎಳೆಯುತ್ತಿದ್ದ ಬಲೆ ಅದು. ಬಲೆಗೆ ತುಂಡು ಕೊಟ್ಟ ಮನೆಗೂ ಪಾಲು, ಎಳೆದವನಿಗೂ ಪಾಲು. ರಂಪಣಿ ಮೀನಿಗಾಗಿ ದಡದಲ್ಲಿ ಕಾಯುತ್ತದೆ, ಪರ್ಸೀನ್ ಹುಡುಕಿಕೊಂಡು ಹೋಗುತ್ತದೆ. ಬಂಗುಡೆ, ಬೂತಾಯಿಯ ಹಿಂಡು ದಡ ಮುಟ್ಟುವ ಮೊದಲೇ ಸಮುದ್ರದಲ್ಲಿ ಸುತ್ತುವರಿಯಲ್ಪಟ್ಟಿತು. ಪ್ರತಿಭಟನೆಗಳಾದವು. ಕೆಲವು ರಂಪಣಿ ಗುಂಪುಗಳು ತಾವೇ ಕೂಡಿ ಪರ್ಸೀನ್ ಮಾಡಿಕೊಂಡವು, ಆದರೆ ಆ ಬೋಟಿಗೆ ಬೇಕಾದದ್ದು ಹೆಚ್ಚೆಂದರೆ ಮೂವತ್ತು ಜನ. ಉಳಿದವರ ಲೆಕ್ಕ ಯಾವ ಫೈಲಿನಲ್ಲಿದೆ? ಇಂದು ಕಡಲತೀರದಲ್ಲಿ ಕಾಣುವ ಕೈರಂಪಣಿ ಅದರ ಮರಿ ಮಾತ್ರ.

ಹಣ ಕೊಟ್ಟು ದೋಣಿ ಒಡೆದ ಕಡೆಯೂ ಎಲ್ಲ ಸರಿಹೋಗಲಿಲ್ಲ. 1990ರ ದಶಕದಲ್ಲಿ ಬ್ರಿಟನ್ ಕೊಂಡ ದೋಣಿಗಳಲ್ಲಿ ಚಂದದ ಹಳೆಯ ಮರದ ದೋಣಿಗಳೂ ಪುಡಿಯಾದವು. ಇಂಥ ಯೋಜನೆಗೆ ಮೊದಲು ಬರುವುದು ಹಳೆಯ, ಕಡಿಮೆ ಹಿಡಿಯುವ ದೋಣಿಯೇ. ಉಳಿದವರು ದೊಡ್ಡ ಎಂಜಿನ್, ಸೋನಾರ್ ಹಾಕಿಕೊಂಡು ಹೋದ ಮೀನನ್ನೂ ಹಿಡಿಯುತ್ತಾರೆ.

ಭಾರತದಲ್ಲಿ ಕೋಟಾ ಇಲ್ಲ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ಬೋಟು ಇಳಿಯುವಂತಿಲ್ಲ, ಅಷ್ಟೇ. ದೋಣಿ ಬಿಡಿಸುವ ಪ್ರಯತ್ನಕ್ಕೆ ಹತ್ತಿರವಾದದ್ದು 2017ರ ಪಾಕ್ ಕೊಲ್ಲಿ ಯೋಜನೆ. ತಮಿಳುನಾಡಿನ 2,000 ಟ್ರಾಲ್ ಬೋಟುಗಳ ಬದಲು ಆಳಸಮುದ್ರದ ಬೋಟು ಕೊಡುವುದು, ಒಂದಕ್ಕೆ 80 ಲಕ್ಷ ರೂಪಾಯಿ, ಅದರಲ್ಲಿ ಶೇ. 70 ಕೇಂದ್ರ ಮತ್ತು ರಾಜ್ಯದ್ದು. ಅಲ್ಲಿನ ತೊಂದರೆ ಕೋಟಾದ್ದಲ್ಲ, ಶ್ರೀಲಂಕಾದ ಗಡಿಯದ್ದು. ಮೂರು ವರ್ಷದ ಗುರಿ ಹತ್ತಿರಕ್ಕೂ ಬರಲಿಲ್ಲ. ಶೇ. 10 ಕೈಯಿಂದ ಎಂದರೂ 8 ಲಕ್ಷ, ಮೇಲೆ 16 ಲಕ್ಷ ಬ್ಯಾಂಕ್ ಸಾಲ.

ನಾಳೆ ಮಲ್ಪೆಯಲ್ಲೂ ಬೋಟು ಕೊಳ್ಳುವ ಯೋಜನೆ ಬಂದರೆ ಹಣ ನೋಂದಣಿಯಲ್ಲಿ ಹೆಸರಿದ್ದವನಿಗೆ ಹೋಗುತ್ತದೆ. ಒಡಿಶಾ, ಜಾರ್ಖಂಡಿನಿಂದ ಬಂದು ಅದೇ ಬೋಟಿನಲ್ಲಿ ದುಡಿಯುವವರ ಹೆಸರು ಅಲ್ಲಿಲ್ಲ, ದಕ್ಕೆಯಲ್ಲಿ ಬುಟ್ಟಿ ಹಿಡಿದು ನಿಂತ ಮೊಗವೀರ ಹೆಂಗಸರದ್ದೂ ಇಲ್ಲ. ರಂಪಣಿಯ ಪಾಲು ಎಳೆದವರೆಲ್ಲರ ಮನೆ ತಲುಪುತ್ತಿದ್ದುದು ಯಾವ ನೋಂದಣಿಯೂ ಇಲ್ಲದೆ.