ಹಡಗಿನ ಒಡಲಿನಲ್ಲಿ ಅಣಬೆ

ಲಂಡನ್ನಿನ 1666ರ ಮಹಾ ಅಗ್ನಿ ಅನಾಹುತವನ್ನು ದಿನಚರಿಯಲ್ಲಿ ಬರೆದಿಟ್ಟ ಸ್ಯಾಮ್ಯುಯೆಲ್ ಪೀಪ್ಸ್‌ನ ಹೆಸರು ನನ್ನ ಚರಿತ್ರೆಯ ತರಗತಿಯಲ್ಲಿ ಕುಳಿತವರಿಗೆ ನೆನಪಿರಬಹುದು. ಆತನ ನಿಜವಾದ ವೃತ್ತಿ ಇಂಗ್ಲೆಂಡಿನ ನೌಕಾಪಡೆಯ ಆಡಳಿತ. 1679ರಲ್ಲಿ ರಾಜಕೀಯ ವಿರೋಧಿಗಳಿಂದಾಗಿ ಅಧಿಕಾರ ಕಳೆದುಕೊಂಡ ಆತ 1684ರಲ್ಲಿ ಮರಳಿ ಬಂದನು. 1677ರಲ್ಲಿ ಪಾರ್ಲಿಮೆಂಟು ಹಣ ಮಂಜೂರು ಮಾಡಿ ಕಟ್ಟಿಸಿದ ಮೂವತ್ತು ಹೊಸ ಯುದ್ಧನೌಕೆಗಳಲ್ಲಿ ಹಲವು, ಸಮುದ್ರದ ಮುಖವನ್ನೇ ಕಾಣದೆ, ಬಂದರಿನಲ್ಲಿ ಕಟ್ಟಿಹಾಕಿದಲ್ಲಿಯೇ ಕೊಳೆಯುತ್ತಿದ್ದವು. ಅವುಗಳ ಒಡಲಿನಿಂದ ಮುಷ್ಟಿಗಾತ್ರದ ಅಣಬೆಗಳನ್ನು ತಾನೇ ಕೈಯಾರೆ ಕಿತ್ತುದಾಗಿ 1690ರಲ್ಲಿ ಪ್ರಕಟಿಸಿದ ನೌಕಾಪಡೆಯ ವೃತ್ತಾಂತದಲ್ಲಿ ಹೇಳಿದ್ದಾನೆ.

ತಪ್ಪು ಯಾರದು? ಬಾಲ್ಟಿಕ್ ಕಡೆಯಿಂದ ತರಿಸಿದ ಹಲಗೆ ಕಳಪೆಯೆಂದು ಒಂದು ಪಕ್ಷ ವಾದಿಸಿತು. ಪೀಪ್ಸ್ ಅದನ್ನು ಒಪ್ಪಲಿಲ್ಲ. ಒಳಭಾಗವನ್ನು ಗುಡಿಸಿ ತೊಳೆಯಲಿಲ್ಲ, ಗಾಳಿಯಾಡಿಸಲಿಲ್ಲ ಎಂದನು. ತನ್ನ ಸಮರ್ಥನೆಗಾಗಿಯೂ ಬರೆದ ಪುಸ್ತಕವಾದ್ದರಿಂದ, ತನ್ನ ಗೈರುಹಾಜರಿಯಲ್ಲಿ ಆಳಿದವರ ಮೇಲೆ ಆತ ಹೊರಿಸುವ ದೋಷವನ್ನೆಲ್ಲ ಹಾಗೆಯೇ ನಂಬಬೇಕಾಗಿಲ್ಲ. ಆದರೆ ಮರದ ವಿಷಯದಲ್ಲಿ ಆತನ ಮಾತು ಬಹುಮಟ್ಟಿಗೆ ಸರಿ.

ಕೊಳೆತಕ್ಕೆ ಕಾರಣ ಶಿಲೀಂಧ್ರ. ಒಣಮರದ ತೂಕದ ಶೇಕಡಾ 20ಕ್ಕಿಂತ ಹೆಚ್ಚು ತೇವ ಮರದಲ್ಲಿ ನಿಂತರೆ ಅದು ಬೇರೂರುವ ಸಂಭವ ಬರುತ್ತದೆ. ಉಪ್ಪು ಅದಕ್ಕೆ ಹಿತವಲ್ಲ. ಆದುದರಿಂದ ಮರದ ಹಡಗಿಗೆ ಕಡಲ ನೀರಿಗಿಂತ ಮಳೆಯ ಸಿಹಿನೀರೇ ದೊಡ್ಡ ಶತ್ರು. ನಡೆಯುವ ಹಡಗಿನಲ್ಲಿ ಬಾಗಿಲು ತೆರೆದಿರುತ್ತದೆ, ಪಂಪು ಆಡುತ್ತಿರುತ್ತದೆ, ಅಟ್ಟವನ್ನು ದಿನವೂ ಉಪ್ಪುನೀರಿನಿಂದ ಉಜ್ಜುತ್ತಾರೆ. ನಿಂತ ಹಡಗಿನಲ್ಲಿ ಎಲ್ಲ ಮುಚ್ಚಿರುತ್ತದೆ. ಹಲಗೆಯ ಸಂದಿನಿಂದ ಮಳೆ ತೊಟ್ಟಿಕ್ಕಿ, ಒಳಗಿನ ಗಾಳಿ ಕದಲದೆ ಮುಗ್ಗುತ್ತದೆ. 19ನೆಯ ಶತಮಾನದ ಅಮೆರಿಕದ ನೌಕಾಶಿಲ್ಪಿಗಳು ಹಡಗಿನ ಪಕ್ಕೆಲುಬುಗಳ ನಡುವೆ ಉಪ್ಪು ತುಂಬುತ್ತಿದ್ದರೆಂದರೆ ಆಶ್ಚರ್ಯವಿಲ್ಲ. ನಮ್ಮ ಮನೆಗಳ ಉಪ್ಪಿನಕಾಯಿ ಜಾಡಿಯ ತತ್ತ್ವವೇ ಅದು!

ಪರಿಹಾರ ಸುಲಭವಾಗಿ ದೊರೆಯಲಿಲ್ಲ. ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ-ವಿಜ್ಞಾನಿ ತಿದಿಯಂತೆ ಗಾಳಿಯೂಡುವ ಯಂತ್ರವನ್ನು ರೂಪಿಸಿ 1743ರಲ್ಲಿ ಅದರ ವಿವರಣೆಯನ್ನು ಪ್ರಕಟಿಸಿದನು. ಹಡಗಿನೊಳಗೆ ಬೆಂಕಿಯ ಒಲೆಯಿಟ್ಟು ಒಣಗಿಸುವ ಪದ್ಧತಿಯೂ ಇತ್ತು. ಗಾಳಿ ಹೊರಹೋಗದಿದ್ದರೆ ಅದರ ಫಲ ವಿಪರೀತವೇ: ಬೆಚ್ಚಗಿನ ತೇವವೆಂದರೆ ಅಣಬೆಗೆ ಹಬ್ಬ. ನೆಪೋಲಿಯನ್ನನ ಯುದ್ಧದ ಅವಸರದಲ್ಲಿ ಹಸಿಮರವನ್ನೂ ಬಳಸತೊಡಗಿದರು. 1810ರಲ್ಲಿ ನೀರಿಗಿಳಿದ 'ಕ್ವೀನ್ ಷಾರ್ಲಟ್' ಎಂಬ ಭಾರಿ ಯುದ್ಧನೌಕೆ ಕೆಲಸಕ್ಕೆ ಹೊರಡುವ ಮೊದಲೇ ಕೊಳೆತು, ಅದನ್ನು ಬಹಳಷ್ಟು ಬಿಚ್ಚಿ ಕಟ್ಟಬೇಕಾಯಿತು.

ಇದಕ್ಕೆ ತದ್ವಿರುದ್ಧವಾದದ್ದು 'ಟ್ರಿಂಕೋಮಲೀ'ಯ ಕಥೆ. ಜಮ್ಷೆಟ್ಜಿ ಬೊಮನ್ಜಿ ವಾಡಿಯಾ ಎಂಬ ಪಾರಸಿ ಶಿಲ್ಪಿಯ ಮೇಲ್ವಿಚಾರಣೆಯಲ್ಲಿ, ಮಲಬಾರಿನ ತೇಗದಿಂದ, ಮುಂಬಯಿಯಲ್ಲಿ ನಿರ್ಮಿತವಾಗಿ 1817ರಲ್ಲಿ ನೀರಿಗಿಳಿದ ಹಡಗು ಅದು. 1819ರಲ್ಲಿ ಇಂಗ್ಲೆಂಡಿಗೆ ಬಂದಾಗ ಯುದ್ಧ ಮುಗಿದಿತ್ತು. ಪಟಸ್ತಂಭಗಳನ್ನು ಕಳಚಿ, ಮೇಲೆ ಮಾಡು ಹೊದಿಸಿ ಪೋರ್ಟ್ಸ್‌ಮತ್‌ನಲ್ಲಿ 1845ರವರೆಗೆ ನಿಲ್ಲಿಸಿದರು. ಸುಮಾರು ಇಪ್ಪತ್ತಾರು ಚಳಿಗಾಲಗಳು! ಬಳಿಕ ಅದು ಸೇವೆಗೆ ಹೊರಟಿತು. ಇಂದಿಗೂ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ. ತೇಗದ ಎಣ್ಣೆಯ ಗುಣಕ್ಕೆ ಅರ್ಧ ಕೀರ್ತಿ ಸಲ್ಲಬೇಕು. ಉಳಿದರ್ಧ ಮಳೆಯನ್ನು ತಡೆದ ಮಾಡಿಗೆ ಎಂಬುದು ನನ್ನ ಅಭಿಪ್ರಾಯ.

ಇಂಗ್ಲೆಂಡಿನಲ್ಲಿ ಶರತ್ಕಾಲ ಕಳೆಯುತ್ತಲೇ ಚಿಕ್ಕ ದೋಣಿಗಳನ್ನು ದಡಕ್ಕೆಳೆಯುವವರು ಇಂದಿಗೂ ಮಾಡುವುದು ಇಷ್ಟೇ: ತಳದ ನೀರು ಬಸಿಯುತ್ತಾರೆ, ಸಿಹಿನೀರಿನಿಂದ ಒರೆಸಿ ಒಣಗಿಸುತ್ತಾರೆ, ಮೆತ್ತೆಗಳನ್ನು ಮನೆಗೊಯ್ಯುತ್ತಾರೆ, ಒಳಗಿನ ಕಪಾಟುಗಳ ಬಾಗಿಲು ತೆರೆದಿಡುತ್ತಾರೆ, ಹೊದಿಕೆಯ ಎರಡು ತುದಿಗಳಲ್ಲೂ ಗಾಳಿಗೆ ದಾರಿ ಬಿಡುತ್ತಾರೆ. ಇಲ್ಲಿ ಸಿಹಿನೀರೇಕೆ ಎಂದು ಕೇಳುವಿರಾ? ಮೆತ್ತೆ-ಬಟ್ಟೆಗಳಲ್ಲಿ ಉಳಿದ ಉಪ್ಪು ಗಾಳಿಯ ತೇವವನ್ನು ಹೀರಿ ಒಣಗಲು ಬಿಡುವುದಿಲ್ಲ. ಮರವನ್ನು ಕಾಯುವ ಉಪ್ಪೇ ಬಟ್ಟೆಗೆ ಮುಗ್ಗಲು ತರುತ್ತದೆ.

ನಮ್ಮ ಕರಾವಳಿಯಲ್ಲಿ ದೋಣಿ ದಡ ಸೇರುವುದು ಚಳಿಗಾಲಕ್ಕಲ್ಲ, ಮಳೆಗಾಲಕ್ಕೆ. ಮಡಲು ಹೊದಿಸಿದ ಚಪ್ಪರವು ದೋಣಿಯಿಂದ ಮೇಲೆತ್ತರದಲ್ಲಿರುತ್ತದೆ, ಎರಡು ಕಡೆಯೂ ತೆರೆದಿರುತ್ತದೆ. ಪ್ಲಾಸ್ಟಿಕ್ ಹಾಳೆಯನ್ನು ದೋಣಿಗೇ ಬಿಗಿದು ಕಟ್ಟಿದಾಗ ಒಳಗೆ ಬೆವರಿದ ನೀರು ಅಲ್ಲಿಯೇ ನಿಲ್ಲುತ್ತದೆ.