ಇಂಧನ ಸರಳಿನ ಬಿರುಕು: ಪತ್ತೆ, ತಪಾಸಣೆ, ವರದಿ

ಪರಮಾಣು ರಿಯಾಕ್ಟರಿನೊಳಗೆ ಯುರೇನಿಯಂ ಅನ್ನು ಬರಿಮೈಯಲ್ಲಿ ನೀರಿಗಿಳಿಸುವುದಿಲ್ಲ. ಸರಳು, ಬಿಲ್ಲೆ, ಹಲಗೆ, ಯಾವ ಆಕಾರದಲ್ಲಿದ್ದರೂ ಅದಕ್ಕೆ ಲೋಹದ ತೆಳುವಾದ ಕವಚವಿರುತ್ತದೆ. ಸಂಶೋಧನಾ ರಿಯಾಕ್ಟರುಗಳಲ್ಲಿ ಆ ಕವಚ ಹೆಚ್ಚಾಗಿ ಅಲ್ಯುಮಿನಿಯಂನದು, ಕೈಗಾದಂಥ ವಿದ್ಯುತ್ ಸ್ಥಾವರಗಳಲ್ಲಿ ಜಿರ್ಕಲಾಯ್ ಎಂಬ ಮಿಶ್ರಲೋಹದ್ದು. ಕೈಗಾದ ಇಂಧನದಲ್ಲಿ ಅದರ ದಪ್ಪ ಅರ್ಧ ಮಿಲಿಮೀಟರನ್ನೂ ಮುಟ್ಟುವುದಿಲ್ಲ. ವಿಕಿರಣಕ್ಕೂ ಹೊರಜಗತ್ತಿಗೂ ನಡುವೆ ಕಟ್ಟಿರುವ ಗೋಡೆಗಳಲ್ಲಿ ಇಂಧನಕ್ಕೆ ಅತ್ಯಂತ ಹತ್ತಿರದ್ದು ಇದೇ. ಇದರಲ್ಲಿ ಬಿರುಕು, ರಂಧ್ರ, ಉಬ್ಬು ಅಥವಾ ಬಾಗು ಕಂಡ ಇಂಧನವನ್ನು ಹಾನಿಗೊಂಡ ಇಂಧನ ಎನ್ನುತ್ತಾರೆ. ಅದನ್ನು ಹುಡುಕಿ, ಹೊರತೆಗೆದು, ಪರೀಕ್ಷಿಸಿ, ಕಂಡದ್ದನ್ನು ಕಂಡಂತೆ ಬರೆದು ನಿಯಂತ್ರಕರಿಗೆ ಒಪ್ಪಿಸುವುದು ರಿಯಾಕ್ಟರ್ ನಡೆಸುವವರ ಮೊದಲ ಹೊಣೆಗಳಲ್ಲೊಂದು.

ಬಾಗಲಕೋಟೆ ಜಿಲ್ಲೆಯಲ್ಲಿ ರಿಯಾಕ್ಟರ್ ಇಲ್ಲ, ಆದರೆ ಯುರೇನಿಯಂ ಈ ಸೀಮೆಗೆ ಹೊಸದಲ್ಲ. ಬಾದಾಮಿಯ ಮೇಣಬಸದಿಗಳನ್ನು ಕೊರೆದಿರುವ ಕೆಂಪು ಮರಳುಗಲ್ಲು ಭೂವಿಜ್ಞಾನಿಗಳ ಭಾಷೆಯಲ್ಲಿ 'ಬಾದಾಮಿ ಗುಂಪು'. ಅದನ್ನು ಒಳಗೊಂಡ ಇಡೀ ಶಿಲಾದ್ರೋಣಿಗೆ ಬಾಗಲಕೋಟೆ ಬಳಿಯ ಕಲಾದಗಿಯ ಹೆಸರಿದೆ. ಇದೇ ಬಾದಾಮಿ ಗುಂಪಿನ ಕಲ್ಲಿನಲ್ಲಿ, ಬೆಳಗಾವಿ ಜಿಲ್ಲೆಯ ದೇಶನೂರಿನಲ್ಲಿ, ಪರಮಾಣು ಖನಿಜ ನಿರ್ದೇಶನಾಲಯ ಯುರೇನಿಯಂ ಗುರುತಿಸಿತು. ಪೂರ್ವಕ್ಕೆ ಯಾದಗಿರಿ ಜಿಲ್ಲೆಯ ಗೋಗಿಯಲ್ಲೂ ನಿಕ್ಷೇಪ ಸಿಕ್ಕಿದೆ. ಹುನಗುಂದ, ಇಳಕಲ್ ಸುತ್ತಿನ ಕ್ವಾರಿಗಳಿಂದ ಹೊರಡುವ ಕೆಂಪು ಗ್ರಾನೈಟಿನ ಮಾತು ಬಂದರೆ, ಜಗತ್ತಿನ ಯಾವ ಗ್ರಾನೈಟಿನಲ್ಲೇ ಆಗಲಿ ಟನ್ನಿಗೆ ಕೆಲವು ಗ್ರಾಂ ಯುರೇನಿಯಂ ಇರುವುದು ಸಹಜ. ಆ ಕಲ್ಲಿನ ಮನೆಯಲ್ಲಿ ಜನ ತಲೆಮಾರುಗಳಿಂದ ಬಾಳಿದ್ದಾರೆ.

ಹಾಗಿದ್ದರೆ ರಿಯಾಕ್ಟರಿನೊಳಗಿನ ಯುರೇನಿಯಂ ಬಗ್ಗೆ ಇಷ್ಟು ಎಚ್ಚರ ಏಕೆ? ಅಪಾಯದ ಬಹುಪಾಲು ಯುರೇನಿಯಂನಲ್ಲಿ ಇಲ್ಲ, ಅದು ಒಡೆದಾಗ ಹುಟ್ಟುವ ವಸ್ತುಗಳಲ್ಲಿದೆ. ನ್ಯೂಟ್ರಾನ್ ಬಡಿದು ಪರಮಾಣು ಇಬ್ಭಾಗವಾದಾಗ ಅಯೋಡಿನ್-131, ಸೀಸಿಯಂ-137, ಜೆನಾನ್-133, ಕ್ರಿಪ್ಟಾನ್-85 ಮುಂತಾದ ವಿದಳನೋತ್ಪನ್ನಗಳು ಬರುತ್ತವೆ. ಅಯೋಡಿನ್-131 ಎಂಟು ದಿನಕ್ಕೊಮ್ಮೆ ಅರ್ಧವಾಗುತ್ತದೆ, ಮೈಗೆ ಸೇರಿದರೆ ಥೈರಾಯ್ಡ್ ಗ್ರಂಥಿಯಲ್ಲಿ ಕೂರುತ್ತದೆ. ಸೀಸಿಯಂ-137 ಅರ್ಧವಾಗಲು 30 ವರ್ಷ ಬೇಕು. ಕವಚ ಗಟ್ಟಿಯಾಗಿದ್ದರೆ ಇವೆಲ್ಲ ಸರಳಿನೊಳಗೇ ಉಳಿಯುತ್ತವೆ. ಕವಚ ಸೀಳಿದರೆ ಮೊದಲು ಅನಿಲಗಳು, ಆಮೇಲೆ ಅಯೋಡಿನ್, ಗಾಯ ದೊಡ್ಡದಾದರೆ ಇಂಧನದ ಕಣಗಳೇ ತಂಪುನೀರಿಗೆ ಬೆರೆಯುತ್ತವೆ. ಯಾವ ವಸ್ತು ಎಷ್ಟು ಪ್ರಮಾಣದಲ್ಲಿ ಬಂದಿದೆ ಎಂಬುದನ್ನು ನೋಡಿ, ಸರಳನ್ನು ಕಣ್ಣಾರೆ ಕಾಣುವ ಮೊದಲೇ ಬಿರುಕಿನ ಗಾತ್ರವನ್ನು ಅಂದಾಜು ಮಾಡಬಹುದು.

ಸಂಶೋಧನಾ ರಿಯಾಕ್ಟರಿನಲ್ಲಿ ಇಂಧನ ಹಾನಿಯ ಭಾರತದ ದೊಡ್ಡ ಉದಾಹರಣೆ ಟ್ರಾಂಬೆಯ ಧ್ರುವ. ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಈ 100 ಮೆಗಾವಾಟ್ ಉಷ್ಣಸಾಮರ್ಥ್ಯದ ರಿಯಾಕ್ಟರ್ 1985ರ ಆಗಸ್ಟ್ 8ರಂದು ಮೊದಲ ಬಾರಿಗೆ ಸರಪಳಿ ಕ್ರಿಯೆಗೆ ಬಂತು. ಆಗ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾಗಿದ್ದವರು ತುಮಕೂರು ಸೀಮೆಯಲ್ಲಿ ಹುಟ್ಟಿದ ಡಾ. ರಾಜಾ ರಾಮಣ್ಣ. ಧ್ರುವಕ್ಕೆ ಸಹಜ ಯುರೇನಿಯಂ ಲೋಹವೇ ಇಂಧನ. ಏಳೇಳು ಸರಳುಗಳ ಕಟ್ಟು, ಪ್ರತಿ ಸರಳಿಗೂ ಅಲ್ಯುಮಿನಿಯಂ ಕವಚ, ತಂಪಿಗೆ ಭಾರಜಲ. ಕಾಗದದ ಮೇಲೆ ಎಲ್ಲವೂ ಸರಿಯಾಗಿತ್ತು. ಶಕ್ತಿಯನ್ನು ಏರಿಸಲು ಹೊರಟಾಗ ತೊಂದರೆ ಎದುರಾಯಿತು. ರಭಸದಿಂದ ಹರಿಯುವ ಭಾರಜಲಕ್ಕೆ ಇಂಧನದ ಕಟ್ಟುಗಳು ಕಂಪಿಸತೊಡಗಿದವು. ಕಂಪನದಿಂದ ಕವಚಕ್ಕೆ ಪೆಟ್ಟು ಬಿದ್ದು, ಭಾರಜಲದಲ್ಲಿ ವಿಕಿರಣ ಏರಿತು.

ಆಗ ಎರಡು ದಾರಿಗಳಿದ್ದವು. ಕಡಿಮೆ ಶಕ್ತಿಯಲ್ಲಿ ಹೇಗೋ ನಡೆಸಿಕೊಂಡು ಹೋಗುವುದು, ಇಲ್ಲವೇ ರಿಯಾಕ್ಟರನ್ನು ನಿಲ್ಲಿಸಿ ದೋಷದ ಬುಡಕ್ಕೆ ಹೋಗುವುದು. ಟ್ರಾಂಬೆಯವರು ಎರಡನೆಯದನ್ನು ಆರಿಸಿಕೊಂಡರು. ಕಟ್ಟು ಅದುರದಂತೆ ಬಿಗಿಹಿಡಿಯುವ ಹಾಗೆ ಇಂಧನದ ವಿನ್ಯಾಸವನ್ನೇ ತಿದ್ದಿದರು. ಧ್ರುವ ತನ್ನ ಪೂರ್ಣ ಶಕ್ತಿಯನ್ನು ಮುಟ್ಟಿದ್ದು 1988ರ ಜನವರಿ 17ರಂದು. ಉದ್ಘಾಟನೆಯ ಸಂಭ್ರಮ ಮುಗಿದ ಮೇಲೆ ಎರಡು ವರ್ಷಕ್ಕೂ ಮಿಕ್ಕ ಈ ಕಾಯುವಿಕೆಯನ್ನು ಆಗಿನ ಟೀಕಾಕಾರರು ಸೋಲೆಂದು ಎಣಿಸಿರಬಹುದು. ಇಂದು ಹಿಂತಿರುಗಿ ನೋಡಿದರೆ, ಭಾರತದ ರಿಯಾಕ್ಟರ್ ಇತಿಹಾಸದಲ್ಲಿ ಅತಿ ಹೆಚ್ಚು ಪಾಠ ಕಲಿಸಿದ ಕಾಲ ಅದೇ ಎನ್ನಬೇಕು. ಇಂಧನದ ಕವಚ ಹಾಳಾಗುವುದಕ್ಕೆ ಇಂಧನವೇ ಕಾರಣವಾಗಬೇಕಿಲ್ಲ, ನೀರಿನ ಓಟವೂ ಸಾಕು ಎಂಬುದು ಅಲ್ಲಿ ಅನುಭವದಿಂದ ತಿಳಿಯಿತು.

ಕಾರಣಗಳು ಇನ್ನೂ ಇವೆ. ತಯಾರಿಕೆಯಲ್ಲಿ ಬೆಸುಗೆ ಸರಿಯಾಗಿ ಕೂರದಿರುವುದು, ಸರಳಿನೊಳಗೆ ಉಳಿದ ತೇವ, ನೀರಿನ ರಾಸಾಯನಿಕ ಗುಣ ಕೆಟ್ಟು ಹಿಡಿಯುವ ತುಕ್ಕು, ನೀರಿನೊಂದಿಗೆ ಸುತ್ತುವ ಲೋಹದ ಚೂರು ಒಂದೇ ಕಡೆ ಉಜ್ಜಿ ಕವಚವನ್ನು ತೂತು ಮಾಡುವುದು, ಶಕ್ತಿಯನ್ನು ಒಮ್ಮೆಲೇ ಏರಿಸಿದಾಗ ಉಬ್ಬಿದ ಇಂಧನ ಕವಚವನ್ನು ಒಳಗಿನಿಂದ ಒತ್ತುವುದು, ಎತ್ತಿಳಿಸುವಾಗ ತಗಲುವ ಪೆಟ್ಟು.

ರಿಯಾಕ್ಟರ್ ಓಡುತ್ತಿರುವಾಗಲೇ ಬಿರುಕನ್ನು ಹಿಡಿಯುವ ಜಾಣ ಉಪಾಯವೊಂದಿದೆ. ವಿದಳನದಲ್ಲಿ ಹುಟ್ಟುವ ಬ್ರೋಮಿನ್-87, ಅಯೋಡಿನ್-137 ಮುಂತಾದವು ಕೆಲವು ಸೆಕೆಂಡು ತಡವಾಗಿ ನ್ಯೂಟ್ರಾನ್ ಹೊರಬಿಡುತ್ತವೆ. ಬ್ರೋಮಿನ್-87ರ ಅರ್ಧಾಯುಷ್ಯ ಸುಮಾರು 55 ಸೆಕೆಂಡು. ಕವಚ ಸೀಳಿದ್ದರೆ ಇವು ನೀರಿನೊಂದಿಗೆ ಹೊರಗೆ ಹರಿದುಬರುತ್ತವೆ, ನೀರಿನ ಕೊಳವೆಯ ಪಕ್ಕದ ಡಿಟೆಕ್ಟರಿನಲ್ಲಿ ನ್ಯೂಟ್ರಾನ್ ಎಣಿಕೆ ಮೇಲೇರುತ್ತದೆ. ಇಲ್ಲೊಂದು ತೊಡಕೂ ಇದೆ. ನೀರಿನ ಆಮ್ಲಜನಕದಿಂದ ಹುಟ್ಟುವ ನೈಟ್ರೋಜನ್-17 ಕೂಡ ನ್ಯೂಟ್ರಾನ್ ಬಿಡುತ್ತದೆ. ಆದರೆ ಅದರ ಅರ್ಧಾಯುಷ್ಯ ನಾಲ್ಕೇ ಸೆಕೆಂಡು. ಹಾಗಾಗಿ ನೀರನ್ನು ಉದ್ದದ ಕೊಳವೆಯಲ್ಲಿ ಸ್ವಲ್ಪ ಹೊತ್ತು ಸುತ್ತಾಡಿಸಿ ಎಣಿಸಿದರೆ ನೈಟ್ರೋಜನ್ನಿನ ಗದ್ದಲ ಅಡಗಿ ಬಿರುಕಿನ ಸುದ್ದಿ ಮಾತ್ರ ಉಳಿಯುತ್ತದೆ. ಇದರ ಜತೆಗೆ ನೀರಿನ ಮಾದರಿಯಲ್ಲಿ ಅಯೋಡಿನ್-131 ಎಷ್ಟಿದೆ ಎಂದು ನಿಯಮಿತವಾಗಿ ಅಳೆಯುತ್ತಾರೆ.

ಕಣ್ಣಿನ ತಪಾಸಣೆ ಬೇರೆಯದೇ ಕೆಲಸ. ಈಜುಕೊಳದ ಮಾದರಿಯ ರಿಯಾಕ್ಟರಿನಲ್ಲಿ ಅದು ನಡೆಯುವ ಬಗೆ ನೋಡುವಂತಿರುತ್ತದೆ. 1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ಶುರುವಾದ ಅಪ್ಸರಾ ಅಂಥದ್ದು. ಸುಮಾರು 8 ಮೀಟರ್ ಆಳದ ನೀರೇ ಅದಕ್ಕೆ ತಂಪೂ ರಕ್ಷಾಕವಚವೂ ಆಗಿತ್ತು. ಇಂಥ ಕೊಳದ ಮೇಲಿನ ಸೇತುವೆಯಲ್ಲಿ ನಿಂತ ಸಿಬ್ಬಂದಿ ಉದ್ದ ಹಿಡಿಕೆಯ ಇಕ್ಕಳದಿಂದ ಇಂಧನವನ್ನು ನೀರಿನಿಂದ ಮೇಲೆತ್ತದೆಯೇ ಪಕ್ಕಕ್ಕೆ ಸರಿಸುತ್ತಾರೆ. ನೀರೊಳಗಿನ ಕ್ಯಾಮೆರಾ ಮುಂದೆ ಅದನ್ನು ನಿಧಾನವಾಗಿ ತಿರುಗಿಸುತ್ತಾರೆ. ಗೀರು, ಕಲೆ, ಗುಳ್ಳೆ, ತುಕ್ಕಿನ ಕುಳಿ, ಎಲ್ಲವನ್ನೂ ಹಿಂದಿನ ತಪಾಸಣೆಯ ಚಿತ್ರದೊಂದಿಗೆ ಹೋಲಿಸುತ್ತಾರೆ. ಹಳೆಯ ಗೀರು ಹಾಗೇ ಇದ್ದರೆ ಚಿಂತೆಯಿಲ್ಲ, ಬೆಳೆದಿದ್ದರೆ ಅದು ಸುದ್ದಿ. ಅನುಮಾನ ಬಂದ ಇಂಧನವನ್ನು ಮುಚ್ಚಳದ ಡಬ್ಬಿಯೊಂದರಲ್ಲಿಟ್ಟು, ಶುದ್ಧ ನೀರು ತುಂಬಿಸಿ, ಸ್ವಲ್ಪ ಹೊತ್ತು ಬಿಟ್ಟು, ಆ ನೀರನ್ನಷ್ಟೇ ತೆಗೆದು ಗಾಮಾ ಮಾಪಕದಲ್ಲಿ ಪರೀಕ್ಷಿಸುತ್ತಾರೆ. ಸೀಸಿಯಂ ಸಿಕ್ಕರೆ ಕವಚ ಸೋರುತ್ತಿದೆ ಎಂದೇ ಅರ್ಥ. ಕೆಲಸಗಾರರ ಬಾಯಲ್ಲಿ ಇದಕ್ಕೆ ಸಿಪ್ಪಿಂಗ್ ಎಂಬ ಹೆಸರಿದೆ.

ಅಮೆರಿಕದ ಜನರಲ್ ಅಟಾಮಿಕ್ಸ್ ರೂಪಿಸಿದ ಟ್ರೈಗಾ ಎಂಬ ಸಂಶೋಧನಾ ರಿಯಾಕ್ಟರ್ ಹಲವು ವಿಶ್ವವಿದ್ಯಾಲಯಗಳಲ್ಲಿದೆ. ಅವುಗಳಲ್ಲಿ ಅನೇಕ ಕಡೆ ಹಾನಿ ಎಂದರೇನು ಎಂಬುದನ್ನು ಅಳತೆಯಲ್ಲೇ ಬರೆದಿಟ್ಟಿದ್ದಾರೆ. ಸರಳು ಇಂಚಿನ ಹದಿನಾರನೇ ಒಂದು ಭಾಗ, ಅಂದರೆ ಸುಮಾರು 1.6 ಮಿಲಿಮೀಟರಿಗಿಂತ ಹೆಚ್ಚು ಬಾಗಿದ್ದರೆ, ಅಥವಾ ಮೂಲ ಉದ್ದಕ್ಕಿಂತ ಇಂಚಿನ ಎಂಟನೇ ಒಂದು ಭಾಗ, ಸುಮಾರು 3.2 ಮಿಲಿಮೀಟರ್ ಹೆಚ್ಚು ಬೆಳೆದಿದ್ದರೆ, ಇಲ್ಲವೇ ವಿದಳನೋತ್ಪನ್ನ ಸೋರಿದ್ದರೆ, ಅದು ಹಾನಿಗೊಂಡ ಇಂಧನ. ಮತ್ತೆ ರಿಯಾಕ್ಟರಿಗೆ ಇಳಿಸುವಂತಿಲ್ಲ. ಬಾಗನ್ನು ಅಳೆಯಲು ನಿಖರ ಒಳವ್ಯಾಸದ ಕೊಳವೆಯೊಳಗೆ ಸರಳನ್ನು ಇಳಿಸಿ ನೋಡುತ್ತಾರೆ. ಸಲೀಸಾಗಿ ಇಳಿದರೆ ಸರಿ, ಸಿಕ್ಕಿಕೊಂಡರೆ ಪಕ್ಕಕ್ಕೆ. ಹಾನಿಯ ವ್ಯಾಖ್ಯೆ ಹೀಗೆ ಮೊದಲೇ ಬರೆದಿರುವುದರ ಲಾಭ ದೊಡ್ಡದು. ಪ್ರಯೋಗ ನಿಲ್ಲಬಾರದು ಎಂಬ ಒತ್ತಡದಲ್ಲಿ 'ಇಷ್ಟಕ್ಕೇನೂ ಆಗುವುದಿಲ್ಲ' ಎನ್ನುವುದಕ್ಕೆ ಜಾಗವೇ ಉಳಿಯುವುದಿಲ್ಲ.

ತಪಾಸಣೆಗೆ ತೆಗೆಯುವ ಹೊತ್ತೇ ಅಪಾಯದ ಹೊತ್ತೂ ಆಗಬಹುದು. 1958ರ ಮೇ 24ರಂದು ಕೆನಡಾದ ಚಾಕ್ ರಿವರ್‌ನ ಎನ್‌ಆರ್‌ಯು ಸಂಶೋಧನಾ ರಿಯಾಕ್ಟರಿನಲ್ಲಿ ಹಾನಿಗೊಂಡ ಯುರೇನಿಯಂ ಸರಳೊಂದನ್ನು ಯಂತ್ರದಿಂದ ಹೊರಗೆಳೆಯುತ್ತಿದ್ದರು. ತಂಪು ತಪ್ಪಿದ ಸರಳಿಗೆ ಬೆಂಕಿ ಹತ್ತಿತು, ತುಂಡಾಯಿತು, ಉರಿಯುತ್ತಿದ್ದ ಒಂದು ಚೂರು ಗುಂಡಿಗೆ ಬಿತ್ತು. ಸಿಬ್ಬಂದಿ ಒಬ್ಬರ ಹಿಂದೊಬ್ಬರು ಓಡಿಬಂದು ಬಕೆಟ್ಟಿನಲ್ಲಿ ಒದ್ದೆ ಮರಳು ಸುರಿದು ಅದನ್ನು ಆರಿಸಿದರು. ಆಮೇಲಿನ ಶುಚಿಕಾರ್ಯಕ್ಕೆ 600ಕ್ಕೂ ಹೆಚ್ಚು ಜನ ಬೇಕಾದರು. ಯುರೇನಿಯಂ ಆಕ್ಸೈಡ್ ಹೀಗೆ ಉರಿಯುವುದಿಲ್ಲ, ಲೋಹರೂಪದ ಯುರೇನಿಯಂ ಉರಿಯುತ್ತದೆ. ಟ್ರಾಂಬೆಯ ಸೈರಸ್, ಧ್ರುವ ರಿಯಾಕ್ಟರುಗಳೆರಡರಲ್ಲೂ ಲೋಹದ ಇಂಧನವೇ ಇದ್ದುದರಿಂದ ಕೆನಡಾದ ಈ ಘಟನೆ ಭಾರತಕ್ಕೆ ದೂರದ್ದಲ್ಲ.

ಕರ್ನಾಟಕದ ನೆಲದಲ್ಲಿ ಈ ಕೆಲಸ ದಿನನಿತ್ಯ ನಡೆಯುವ ಸ್ಥಳ ಕಾರವಾರ ತಾಲ್ಲೂಕಿನ ಕೈಗಾ. ಅದು ಸಂಶೋಧನಾ ರಿಯಾಕ್ಟರಲ್ಲ, ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳ ವಿದ್ಯುತ್ ಸ್ಥಾವರ. ಘಟ್ಟ ಹತ್ತಿ ಧಾರವಾಡದ ಬಳಿಯ ನರೇಂದ್ರ ಉಪಕೇಂದ್ರಕ್ಕೆ ಹೋಗುವ 400 ಕಿಲೋವೋಲ್ಟ್ ತಂತಿ ಅದರ ವಿದ್ಯುತ್ತನ್ನು ಉತ್ತರ ಕರ್ನಾಟಕದ ಜಾಲಕ್ಕೆ ಸೇರಿಸುತ್ತದೆ. ಒಂದೊಂದು ಘಟಕದಲ್ಲಿ 306 ಅಡ್ಡ ಚಾನೆಲ್‌ಗಳು, ಪ್ರತಿ ಚಾನೆಲ್‌ನಲ್ಲಿ 12 ಇಂಧನ ಬಂಡಲ್‌ಗಳು, ಪ್ರತಿ ಬಂಡಲ್‌ನಲ್ಲಿ ಸುಮಾರು ಅರ್ಧ ಮೀಟರ್ ಉದ್ದದ 19 ಸರಳುಗಳು. ಲೆಕ್ಕ ಹಾಕಿದರೆ ಒಂದೇ ಘಟಕದಲ್ಲಿ 69,768 ಸರಳು. ಅಷ್ಟರಲ್ಲಿ ಸೋರುವ ಒಂದನ್ನು ಹುಡುಕಲು ಚಾನೆಲ್‌ಗಳಿಂದ ನೀರಿನ ಮಾದರಿ ತಂದು ತಡ ನ್ಯೂಟ್ರಾನುಗಳನ್ನು ಎಣಿಸುತ್ತಾರೆ. ಚಾನೆಲ್ ಗೊತ್ತಾದ ಮೇಲೆ ರಿಯಾಕ್ಟರನ್ನು ನಿಲ್ಲಿಸಬೇಕಿಲ್ಲ. ಎರಡು ಕಡೆ ನಿಂತ ಫ್ಯೂಯೆಲಿಂಗ್ ಮಷೀನ್‌ಗಳು ಹೊಸ ಬಂಡಲ್ ತಳ್ಳುತ್ತ ಹಳೆಯದನ್ನು ಹೊರಗೆ ಪಡೆಯುತ್ತವೆ. ಕೈಗಾದ ಮೊದಲ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ಓಡಿ ಆಗಿನ ವಿಶ್ವದಾಖಲೆ ಬರೆಯಲು ಸಾಧ್ಯವಾದದ್ದು ಓಡುತ್ತಿರುವಾಗಲೇ ಇಂಧನ ಬದಲಿಸುವ ಈ ವ್ಯವಸ್ಥೆಯಿಂದಲೇ. ಆ ದಾಖಲೆಯನ್ನು ಬಳಿಕ ಕೆನಡಾದ ಡಾರ್ಲಿಂಗ್ಟನ್ ಸ್ಥಾವರ ಮುರಿಯಿತು.

ಇನ್ನು ವರದಿ. ಬಿರುಕನ್ನು ಹುಡುಕುವುದಕ್ಕಿಂತ ಅದನ್ನು ಬರೆಯುವುದು ಸುಲಭ ಎಂದು ಹೊರಗಿನವರಿಗೆ ಅನಿಸಬಹುದು, ಆದರೆ ತಪಾಸಣೆಯ ಅರ್ಧ ಬೆಲೆ ಬರಹದಲ್ಲಿದೆ. ಸರಳಿನ ಕ್ರಮಸಂಖ್ಯೆ, ರಿಯಾಕ್ಟರಿನಲ್ಲಿ ಅದು ಕೂತಿದ್ದ ಜಾಗ, ಎಷ್ಟು ಕಾಲ ಎಷ್ಟು ಶಕ್ತಿಯಲ್ಲಿ ಉರಿದಿತ್ತು, ಮೊದಲ ಸೂಚನೆ ಬಂದ ಗಂಟೆ, ಆಗಿನ ನೀರಿನ ವಿಶ್ಲೇಷಣೆ, ಕಂಟ್ರೋಲ್ ರೂಮಿನ ಲಾಗ್‌ಬುಕ್ಕಿನ ದಾಖಲೆ, ಸಿಬ್ಬಂದಿಗೆ ತಗಲಿದ ವಿಕಿರಣದ ಪ್ರಮಾಣ, ಕಾರಣದ ಊಹೆ, ಮರುಕಳಿಸದಂತೆ ಕೈಗೊಂಡ ಕ್ರಮ, ಇಷ್ಟೂ ಬರಬೇಕು. ಅಮೆರಿಕದ ಸಂಶೋಧನಾ ರಿಯಾಕ್ಟರುಗಳಲ್ಲಿ ಸಾಮಾನ್ಯವಾಗಿ ಮರುದಿನದೊಳಗೆ ದೂರವಾಣಿಯಲ್ಲಿ, 14 ದಿನದೊಳಗೆ ಬರಹದಲ್ಲಿ ತಿಳಿಸಬೇಕೆಂಬ ನಿಯಮವಿದೆ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಸಂಶೋಧನಾ ರಿಯಾಕ್ಟರುಗಳಿಗೆಂದೇ ಘಟನೆಗಳ ವರದಿ ವ್ಯವಸ್ಥೆಯೊಂದನ್ನು ನಡೆಸುತ್ತದೆ. ಒಂದು ದೇಶದ ಅನುಭವ ಇನ್ನೊಂದಕ್ಕೆ ಮುಟ್ಟಲಿ ಎಂಬುದು ಅದರ ಉದ್ದೇಶ.

ಭಾರತದಲ್ಲಿ ಕೈಗಾ ಮೊದಲಾದ ವಿದ್ಯುತ್ ಸ್ಥಾವರಗಳ ಮೇಲ್ವಿಚಾರಣೆ 1983ರ ನವೆಂಬರ್ 15ರಂದು ರಚನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯದು. ಮಹತ್ವದ ಘಟನೆಗಳನ್ನು ಸ್ಥಾವರಗಳು ಅದಕ್ಕೆ ತಿಳಿಸಬೇಕು. 0ಯಿಂದ 7ರವರೆಗಿನ ಅಂತರರಾಷ್ಟ್ರೀಯ ಮಾಪನದಲ್ಲಿ ಅವನ್ನು ತೂಗಿ, ಮಂಡಳಿ ತನ್ನ ವಾರ್ಷಿಕ ವರದಿಯಲ್ಲಿ ಪ್ರಕಟಿಸುತ್ತದೆ. ಆದರೆ 2000ದಲ್ಲಿ ಟ್ರಾಂಬೆಯ ಕೇಂದ್ರವನ್ನು ಈ ಮಂಡಳಿಯ ವ್ಯಾಪ್ತಿಯಿಂದ ಹೊರಗಿಟ್ಟು, ಕೇಂದ್ರದ್ದೇ ಆದ ಸುರಕ್ಷತಾ ಮಂಡಳಿಗೆ ಒಪ್ಪಿಸಲಾಯಿತು. ಹೀಗಾಗಿ ಕೈಗಾದ ಘಟನೆಗಳ ಲೆಕ್ಕ ಬಾಗಲಕೋಟೆಯ ಕಾಲೇಜು ವಿದ್ಯಾರ್ಥಿಯ ಕೈಗೂ ಸಿಗುತ್ತದೆ, ಧ್ರುವದ್ದು ಸುಲಭವಾಗಿ ಸಿಗುವುದಿಲ್ಲ. ರಕ್ಷಣೆಯ ಗುಟ್ಟುಗಳನ್ನು ಬಯಲು ಮಾಡಬೇಕಿಲ್ಲ, ನಿಜ. ಆದರೆ ಕವಚದ ತುಕ್ಕು, ಕಂಪನದ ಸವೆತ ಗುಟ್ಟಿನ ವಿಷಯಗಳಲ್ಲ. ಧ್ರುವದ 1985-88ರ ಅನುಭವವನ್ನು ಎಂಜಿನಿಯರಿಂಗ್ ಕಾಲೇಜುಗಳು ಪಾಠವಾಗಿ ಓದುವಷ್ಟು ವಿವರವಾಗಿ ಪ್ರಕಟಿಸಿದ್ದರೆ ದೇಶಕ್ಕೆ ನಷ್ಟವೇನೂ ಆಗುತ್ತಿರಲಿಲ್ಲ.

ಹಾನಿಗೊಂಡ ಇಂಧನವನ್ನು ಬೇರೆ ಇಂಧನದ ಜತೆ ಬೆರೆಸಿಡುವುದಿಲ್ಲ. ಮುಚ್ಚಿದ ಡಬ್ಬಿಯಲ್ಲಿಟ್ಟು ನೀರಿನ ಕೊಳದಲ್ಲಿ ವರ್ಷಗಟ್ಟಲೆ ತಣಿಸುತ್ತಾರೆ. ಆಯ್ದ ಕೆಲವನ್ನು ದಪ್ಪ ಕಾಂಕ್ರೀಟ್ ಗೋಡೆ, ದಪ್ಪ ಗಾಜಿನ ಕಿಟಕಿಯ ಹಾಟ್ ಸೆಲ್‌ಗಳಿಗೆ ಒಯ್ಯುತ್ತಾರೆ. ಅಲ್ಲಿ ದೂರನಿಯಂತ್ರಿತ ಕೈಗಳಿಂದ ಕವಚಕ್ಕೆ ತೂತು ಕೊರೆದು ಒಳಗಿನ ಅನಿಲವನ್ನು ಅಳೆದು, ಅಡ್ಡಕ್ಕೆ ಕತ್ತರಿಸಿ ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಅಲ್ಲಿ ಕಂಡದ್ದು ಹೈದರಾಬಾದಿನ ಪರಮಾಣು ಇಂಧನ ಸಂಕೀರ್ಣಕ್ಕೆ ಮರಳಿ, ಮುಂದಿನ ಬಂಡಲ್‌ಗಳ ಬೆಸುಗೆಯನ್ನೂ ಅಳತೆಯನ್ನೂ ತಿದ್ದುತ್ತದೆ. ಕೈಗಾದಲ್ಲಿ ತಲಾ 700 ಮೆಗಾವಾಟ್‌ನ 5 ಮತ್ತು 6ನೇ ಘಟಕಗಳು ಬರಲಿವೆ. ಆ ಮಾದರಿಯ ಒಂದೊಂದು ರಿಯಾಕ್ಟರಿನಲ್ಲಿ 392 ಚಾನೆಲ್‌ಗಳು, ಒಂದೊಂದು ಬಂಡಲ್‌ನಲ್ಲಿ 37 ಸರಳುಗಳು. ಕಾವಲು ಕಾಯಬೇಕಾದ ಕವಚಗಳ ಸಂಖ್ಯೆ ಘಟಕವೊಂದಕ್ಕೆ ಈಗಿನ ಎರಡು ಪಟ್ಟನ್ನೂ ಮೀರಲಿದೆ.