ನಾಲ್ಕು ಸುತ್ತು ತಿರುಗಿ ನಿಂತ ಎಂಜಿನ್

ಒಲೆಯ ಮೇಲೆ ಕೆಟಲಿನ ಮುಚ್ಚಳ ಕುಣಿಯುವುದನ್ನು ಕಂಡು ಜೇಮ್ಸ್ ವ್ಯಾಟ್ ಉಗಿಯಂತ್ರ ಕಂಡುಹಿಡಿದನೆಂಬ ಕಥೆಯನ್ನು ನಾನೂ ಎಷ್ಟೋ ವರ್ಷ ಇತಿಹಾಸದ ಪಾಠದಲ್ಲಿ ಹೇಳಿದ್ದೇನೆ. ಮಕ್ಕಳಿಗೂ ಇಷ್ಟ, ಹೇಳುವವರಿಗೂ ಸುಲಭ. ಆದರೆ ವ್ಯಾಟ್ ಹುಟ್ಟುವುದಕ್ಕೂ ಮೊದಲೇ, 1712ರಲ್ಲಿ, ಥಾಮಸ್ ನ್ಯೂಕಮನ್ನನ ಉಗಿಯಂತ್ರ ಇಂಗ್ಲೆಂಡಿನ ಕಲ್ಲಿದ್ದಲು ಗಣಿಯಿಂದ ನೀರೆತ್ತುತ್ತಿತ್ತು. ವ್ಯಾಟನ ಕಣ್ಣು ತೆರೆಸಿದ್ದು ಕೆಟಲ್ ಅಲ್ಲ, ಸರಿಯಾಗಿ ಓಡದ ಒಂದು ಪುಟ್ಟ ಮಾದರಿ.

ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಪಾಠಕ್ಕೆಂದು ನ್ಯೂಕಮನ್ ಯಂತ್ರದ ಮಾದರಿಯೊಂದಿತ್ತು. ಅದರ ಸಿಲಿಂಡರಿನ ಅಗಲ ಎರಡೇ ಅಂಗುಲ. 1763-64ರ ಚಳಿಗಾಲದಲ್ಲಿ ಅದು ಅಲ್ಲಿ ಉಪಕರಣ ತಯಾರಕನಾಗಿದ್ದ ವ್ಯಾಟನ ಕೈಗೆ ರಿಪೇರಿಗೆ ಬಂತು. ಸರಿಪಡಿಸಿದ ಮೇಲೂ ಕೆಲವು ಸಲ ಆಡಿ ನಿಂತುಬಿಡುತ್ತಿತ್ತು. ಆಟಿಕೆಯೆಂದು ಬದಿಗಿಡದೆ ಅವನು ಯಾಕೆಂದು ಹುಡುಕುತ್ತಾ ಹೋದ. ಸಿಲಿಂಡರಿನೊಳಗಿನ ಉಗಿಯನ್ನು ಪ್ರತಿಸಲವೂ ತಣ್ಣೀರು ಚಿಮ್ಮಿಸಿ ತಣಿಸುತ್ತಿದ್ದರು. ಮುಂದಿನ ಉಗಿಯ ಬಹುಪಾಲು, ತಣ್ಣಗಾದ ಆ ಲೋಹವನ್ನು ಮತ್ತೆ ಕಾಯಿಸುವುದಕ್ಕೇ ಖರ್ಚಾಗುತ್ತಿತ್ತು. ದೊಡ್ಡ ಯಂತ್ರದಲ್ಲೂ ಇದೇ ನಷ್ಟ. ಆದರೆ ಚಿಕ್ಕದರಲ್ಲಿ ಒಳಗಿನ ಜಾಗಕ್ಕೆ ಹೋಲಿಸಿದರೆ ಲೋಹದ ಮೈ ಹೆಚ್ಚು. ಹಾಗಾಗಿ ನಷ್ಟ ಎದ್ದು ಕಂಡಿತು. ಹಂಡೆಯ ನೀರಿಗಿಂತ ಲೋಟದ ಕಾಫಿ ಬೇಗ ಆರುವುದನ್ನು ನಾವು ದಿನವೂ ನೋಡುವುದಿಲ್ಲವೇ? 1765ರಲ್ಲಿ, ಉಗಿಯನ್ನು ಬೇರೊಂದು ಪಾತ್ರೆಗೆ ಒಯ್ದು ತಣಿಸುವ ಉಪಾಯ ಅವನಿಗೆ ಹೊಳೆಯಿತು.

ಮುಂದೆ ಇಂಥ ಮಾದರಿಗಳನ್ನು ಮನೆಯಲ್ಲೇ ಮಾಡುವುದು ಇಂಗ್ಲೆಂಡಿನಲ್ಲಿ ದೊಡ್ಡ ಹವ್ಯಾಸವಾಯಿತು. 1898ರಲ್ಲಿ ಪರ್ಸಿವಲ್ ಮಾರ್ಷಲ್ ಅದಕ್ಕೆಂದೇ ‘ಮಾಡೆಲ್ ಎಂಜಿನಿಯರ್’ ಪತ್ರಿಕೆ ಆರಂಭಿಸಿದರು. ಹಿತ್ತಲ ಶೆಡ್ಡಿನಲ್ಲಿ ಒಂದು ಚಿಕ್ಕ ಲೇತ್, ತಾಮ್ರದ ಬಾಯ್ಲರ್, ಬೆಳ್ಳಿ ಬೆರೆತ ಬೆಸುಗೆ. ಬಾಯ್ಲರಿನಲ್ಲಿ ಉಗಿ ಎಬ್ಬಿಸುವ ಮೊದಲು ಅದರ ತುಂಬ ತಣ್ಣೀರು ತುಂಬಿ, ಮುಂದೆ ತಾಳಬೇಕಾದುದರ ಎರಡರಷ್ಟು ಒತ್ತಡ ಕೊಟ್ಟು ಪರೀಕ್ಷಿಸುತ್ತಾರೆ.

ಇದು ಗಂಡಸರ ಹವ್ಯಾಸವೆಂದೇ ನಾನು ತಿಳಿದಿದ್ದೆ, ಚೆರಿ ಹಿಲ್ ಅವರ ವಿಷಯ ಓದುವವರೆಗೆ. 1931ರಲ್ಲಿ ಹುಟ್ಟಿದ ಈ ಇಂಗ್ಲಿಷ್ ಮಹಿಳೆ ಹತ್ತೊಂಬತ್ತನೆಯ ಶತಮಾನದ ಉಗಿ ಎಂಜಿನ್ನುಗಳನ್ನು ಹದಿನಾರರಲ್ಲಿ ಒಂದು ಪಾಲಿನ ಅಳತೆಯಲ್ಲಿ ಮಾಡಿದರು. ಒಂದೊಂದಕ್ಕೂ ಸಾವಿರಾರು ಗಂಟೆ. ಈ ಕ್ಷೇತ್ರದ ಹಿರಿಯ ಬಹುಮಾನವಾದ ಡ್ಯೂಕ್ ಆಫ್ ಎಡಿನ್‌ಬರೋ ಟ್ರೋಫಿ ಅವರಿಗೆ ಒಂಬತ್ತು ಸಲ ಬಂತು. ತಮ್ಮ ಮಾದರಿಗಳನ್ನು ಅವರು ಲಂಡನ್ನಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆಗೆ ಕೊಟ್ಟರು.

ಅದನ್ನು ಓದಿದ ರಾತ್ರಿ ನನಗೆ ನೆನಪಾದದ್ದು ಏಳನೆಯ ತರಗತಿಯ ಒಬ್ಬ ಹುಡುಗಿ. ನಾನು ಕೆಲಸಕ್ಕೆ ಸೇರಿದ ಹೊಸತು. ಶಾಲೆಯ ವಸ್ತುಪ್ರದರ್ಶನಕ್ಕೆ ಹಾಲಿನ ಪುಡಿಯ ಡಬ್ಬ, ಪೆನ್ನಿನ ರೀಫಿಲ್ಲು, ತಗಡಿನ ಚಕ್ರ ಸೇರಿಸಿ ಅವಳು ಎಂಜಿನ್ ಮಾಡಿ ತಂದಿದ್ದಳು. ಕೆಳಗೆ ಸೀಮೆಎಣ್ಣೆ ಬುಡ್ಡಿ. ಚಕ್ರ ನಾಲ್ಕು ಸುತ್ತು ತಿರುಗಿ ನಿಂತಿತು.

“ಯಾಕೆ ನಿಂತ್ಹೋಯ್ತು ಟೀಚರ್?”

“ಸಾಕು ಕಣಮ್ಮ, ಕೈ ಸುಟ್ಕೋತೀಯ. ರಂಗೋಲಿ ಸ್ಪರ್ಧೆಗೆ ಹೆಸರು ಕೊಡು.”

ನನ್ನ ಹೆದರಿಕೆ ತಪ್ಪಲ್ಲ. ಡಬ್ಬದಲ್ಲಿ ಉಗಿ ಕಟ್ಟುವುದು ಅಪಾಯವೇ. ಆದರೆ ಅವಳು ಕೇಳಿದ್ದು ವ್ಯಾಟ್ ಕೇಳಿದ ಪ್ರಶ್ನೆಯನ್ನೇ. ಗೊತ್ತಿಲ್ಲ, ವಿಜ್ಞಾನದ ಮೇಷ್ಟ್ರನ್ನು ಕೇಳೋಣ ಬಾ ಎನ್ನಲು ನನಗೆ ಬಾಯಿ ಬರಲಿಲ್ಲ. ಅವಳು ರಂಗೋಲಿಗೂ ಹೆಸರು ಕೊಡಲಿಲ್ಲ.

ಈಗ ನಾನು ಕೆಟಲಿನ ಕಥೆ ಹೇಳುವುದಿಲ್ಲ. ನಿಂತುಹೋದ ಎಂಜಿನ್ನಿನ ಕಥೆ ಹೇಳಿ, ಯಾಕೆ ನಿಂತಿತೆಂದು ಹುಡುಗಿಯರನ್ನೇ ಮೊದಲು ಕೇಳುತ್ತೇನೆ.